ಅವಳನ್ನು ಕೇಳಿದವರು ಯಾರು? ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಒಂದು ಓದು



ಈ ಸಂಚಿಕೆಗೆ ಒಂದು ಒಳ್ಳೆಯ ಪುಸ್ತಕದ ಬಗ್ಗೆ ಬರೆದುಕೊಡಿ ಎಂದು ನಿಮ್ಮ ಸಂಪಾದಕ ಬಳಗದವರು ಕೇಳಿದಾಗ ನಾನು ಆರಿಸಿಕೊಂಡದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು. ನಾನು ನಿಮಗೆ ಪಾಠ ಮಾಡುವುದು ಇಂಗ್ಲಿಷ್. ಇಂಗ್ಲಿಷ್ ಮೇಡಂ ಕನ್ನಡ ಕಾದಂಬರಿಯ ಮಾತು ಯಾಕೆ ಎತ್ತಿದರು ಎಂದು ನೀವು ಕೇಳಬಹುದು. ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಎಲಿಜಬೆತ್ ಗ್ಯಾಸ್ಕೆಲ್ ಎಂಬ ಕಾದಂಬರಿಗಾರ್ತಿಯ ಹೆಸರು ಬರುತ್ತದೆ. ಅವರ ಕಾದಂಬರಿಗಳನ್ನು ಓದುವಾಗಲೆಲ್ಲ ನನಗೆ ಸಾರಾ ಅವರೇ ನೆನಪಾಗುತ್ತಾರೆ. ಒಬ್ಬರು ಇಂಗ್ಲೆಂಡಿನ ಗಿರಣಿ ಊರಿನವರು, ಇನ್ನೊಬ್ಬರು ಕಾಸರಗೋಡಿನವರು. ಇಬ್ಬರ ನಡುವೆ ನೂರು ವರ್ಷಕ್ಕೂ ಮಿಕ್ಕ ಅಂತರವಿದೆ. ಆದರೂ ಇಬ್ಬರು ಮಾಡಿದ ಕೆಲಸ ಒಂದೇ. ಆ ಕೆಲಸ ಯಾವುದು, ಅದು ನಮಗೆ ಯಾಕೆ ಬೇಕು ಎಂಬುದೇ ಈ ಪಾಠ.

ಸಾಮಾಜಿಕ ಕಾದಂಬರಿ ಎಂದರೇನು?

ಬಡತನ, ಬಾಲ್ಯವಿವಾಹ, ವರದಕ್ಷಿಣೆ ಎಂದು ಪ್ರಬಂಧಕ್ಕೆ ವಿಷಯ ಕೊಟ್ಟರೆ ನೀವೆಲ್ಲ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಭಾಗ ಮಾಡಿ ಚೆನ್ನಾಗಿಯೇ ಬರೆಯುತ್ತೀರಿ. ಆ ಪ್ರಬಂಧದಲ್ಲಿ ‘ಸಮಾಜ’ ಇರುತ್ತದೆ, ‘ಸಮಸ್ಯೆ’ ಇರುತ್ತದೆ, ಆದರೆ ಹೆಸರಿರುವ ಒಬ್ಬ ಮನುಷ್ಯ ಇರುವುದಿಲ್ಲ. ಸಾಮಾಜಿಕ ಕಾದಂಬರಿ ಇದನ್ನು ತಿರುಗಿಸಿ ಇಡುತ್ತದೆ. ಅಲ್ಲಿ ಮೊದಲು ಬರುವುದು ಮನುಷ್ಯ. ಅವಳಿಗೊಂದು ಹೆಸರು, ಮನೆ, ಅಪ್ಪ, ಅಮ್ಮ, ಹಸಿವು, ಆಸೆ ಎಲ್ಲ ಇರುತ್ತವೆ. ಅವಳ ದಿನಗಳನ್ನು ನೋಡುತ್ತಾ ಹೋದಂತೆ, ಅವಳ ಕಷ್ಟ ಅವಳೊಬ್ಬಳದಲ್ಲ, ಸುತ್ತಲಿನ ಪದ್ಧತಿಯೇ ಅದನ್ನು ತಂದದ್ದು ಎಂದು ನಮಗೆ ತಿಳಿಯುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಪದಕ್ಕೆ ಪ್ರಶ್ನಿಸು ಎಂಬ ಅರ್ಥವೂ ಇದೆ, ಕಿವಿಗೊಡು ಎಂಬ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳು ಬೇಕು. ನಾನು ಹೇಳುತ್ತಿರುವ ಕಾದಂಬರಿಗಳೆಲ್ಲ ಈ ಒಂದು ಪದದ ಸುತ್ತಲೇ ಇವೆ: ಯಾರನ್ನು ಯಾರೂ ಕೇಳಲಿಲ್ಲ? ಯಾರ ಮಾತನ್ನು ಯಾರೂ ಕೇಳಲಿಲ್ಲ?

ಮ್ಯಾಂಚೆಸ್ಟರಿನ ಎಲಿಜಬೆತ್ ಗ್ಯಾಸ್ಕೆಲ್

ಎಲಿಜಬೆತ್ ಗ್ಯಾಸ್ಕೆಲ್ ಹುಟ್ಟಿದ್ದು 1810ರಲ್ಲಿ, ಲಂಡನ್ನಿನಲ್ಲಿ. ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಾಯಿಯ ಸೋದರಿಯೊಬ್ಬರು ನಟ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಅವರನ್ನು ಸಾಕಿದರು. 1832ರಲ್ಲಿ ವಿಲಿಯಂ ಗ್ಯಾಸ್ಕೆಲ್ ಎಂಬ ಧರ್ಮೋಪದೇಶಕರನ್ನು ಮದುವೆಯಾಗಿ ಮ್ಯಾಂಚೆಸ್ಟರಿಗೆ ಬಂದರು. ಆಗ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರು. ಗಿರಣಿ ಮಾಲೀಕರ ದೊಡ್ಡ ಬಂಗಲೆಗಳು ಒಂದು ಕಡೆ, ಕೂಲಿಕಾರರ ತೇವ ಹಿಡಿದ ನೆಲಮಾಳಿಗೆಗಳು ಇನ್ನೊಂದು ಕಡೆ. ಉಪದೇಶಕರ ಹೆಂಡತಿಯಾಗಿ ಅವರಿಗೆ ಎರಡೂ ಕಡೆಯ ಬಾಗಿಲು ತೆರೆದಿತ್ತು.

1845ರಲ್ಲಿ ಅವರ ಎಳೆಯ ಮಗ ಜ್ವರದಿಂದ ತೀರಿಕೊಂಡ. ದುಃಖದಿಂದ ಹೊರಬರಲು ಏನಾದರೂ ಬರೆ ಎಂದು ಪತಿ ಹೇಳಿದರು. ಹಾಗೆ ಹುಟ್ಟಿದ ‘ಮೇರಿ ಬಾರ್ಟನ್’ ಕಾದಂಬರಿ 1848ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಅದರಲ್ಲಿ ಜಾನ್ ಬಾರ್ಟನ್ ಎಂಬ ಕೂಲಿಕಾರನ ಮಗ ಕಾಯಿಲೆ ಬಿದ್ದಿರುತ್ತಾನೆ. ಅಪ್ಪನಿಗೆ ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಅವನು ಬೀದಿಯಲ್ಲಿ ನಿಂತಿದ್ದಾಗ, ಅವನು ಕೆಲಸಕ್ಕಿದ್ದ ಗಿರಣಿಯ ಮಾಲೀಕನ ಹೆಂಡತಿ ಅಂಗಡಿಯಿಂದ ತಿಂಡಿ ತಿನಿಸು ಹೊರಿಸಿಕೊಂಡು ಗಾಡಿ ಹತ್ತುತ್ತಾಳೆ. ಮನೆಗೆ ಹಿಂತಿರುಗುವಷ್ಟರಲ್ಲಿ ಮಗನ ಜೀವ ಹೋಗಿರುತ್ತದೆ. ಮುಂದೆ 1839ರಲ್ಲಿ ಇದೇ ಜಾನ್ ಬಾರ್ಟನ್ ಕಾರ್ಮಿಕರ ಮನವಿ ಹೊತ್ತು ಲಂಡನ್ನಿಗೆ ಹೋಗುತ್ತಾನೆ. ಪಾರ್ಲಿಮೆಂಟು ಅವರ ಮಾತು ಕೇಳಲು ಒಪ್ಪುವುದಿಲ್ಲ. ಈ ಮನವಿಯ ಸಂಗತಿ ಇತಿಹಾಸದಲ್ಲಿ ನಿಜವಾಗಿ ನಡೆದದ್ದು. ಕಾದಂಬರಿಯಲ್ಲಿ, ಯಾರೂ ಕೇಳದೆ ಹೋದ ಆ ಮನುಷ್ಯ ಕೊನೆಗೆ ಕೊಲೆ ಮಾಡುವ ಮಟ್ಟಕ್ಕೆ ಹೋಗುತ್ತಾನೆ. ಗ್ಯಾಸ್ಕೆಲ್ ಆ ಕೊಲೆಯನ್ನು ಒಪ್ಪುವುದಿಲ್ಲ. ಅವನು ಅಲ್ಲಿಯವರೆಗೆ ಹೇಗೆ ಬಂದ ಎಂಬುದನ್ನು ಮಾತ್ರ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಾರೆ.

ಗಿರಣಿ ಮಾಲೀಕರಿಗೆ ಸಿಟ್ಟು ಬಂತು. ನಮ್ಮ ನಡುವೆ ಇದ್ದುಕೊಂಡೇ ನಮ್ಮ ವಿರುದ್ಧ ಬರೆದಳು ಎಂಬ ಮಾತು ಬಂತು. 1853ರಲ್ಲಿ ಮದುವೆಯಾಗದೆ ತಾಯಿಯಾದ ಹೆಣ್ಣಿನ ಕಥೆ ‘ರೂತ್’ ಬಂದಾಗ, ಅವರ ಪತಿಯ ಸಭೆಗೆ ಬರುತ್ತಿದ್ದವರೇ ಆ ಪುಸ್ತಕವನ್ನು ಸುಟ್ಟರು. ಗ್ಯಾಸ್ಕೆಲ್ ಬರೆಯುವುದನ್ನು ನಿಲ್ಲಿಸಲಿಲ್ಲ. ಮುಂದಿನ ಕಾದಂಬರಿ ‘ನಾರ್ತ್ ಅಂಡ್ ಸೌತ್’ 1854-55ರಲ್ಲಿ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ಮಾಲೀಕನ ಕಷ್ಟಕ್ಕೂ ಅವರು ಕಿವಿಗೊಟ್ಟರು.

ಇಂಗ್ಲೆಂಡಿನ ಗಿರಣಿಗೂ ನಮ್ಮ ಸೀಮೆಗೂ ಏನು ಸಂಬಂಧ ಎನ್ನಬೇಡಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳು ಭಾರತದ ಎರೆನೆಲದ ಹತ್ತಿಯ ಕಡೆಗೆ ನೋಡಿದವು. ಇತ್ತ ಹತ್ತಿಗೆ ಬೆಲೆ ಏರಿತು, ಅತ್ತ ಗಿರಣಿಗಳು ಮುಚ್ಚಿ ಕೂಲಿಕಾರರು ಉಪವಾಸ ಬಿದ್ದರು. ಆ ವರ್ಷಗಳಲ್ಲಿ ಗ್ಯಾಸ್ಕೆಲ್ ಮ್ಯಾಂಚೆಸ್ಟರಿನ ಪರಿಹಾರ ಕೆಲಸಗಳಲ್ಲಿ ತೊಡಗಿದ್ದರು. 1865ರಲ್ಲಿ ಅವರು ತೀರಿಕೊಂಡರು.

ಕಾಸರಗೋಡಿನ ಸಾರಾ ಅಬೂಬಕ್ಕರ್

ಈಗ ನಮ್ಮ ಕನ್ನಡದ ಲೇಖಕಿಗೆ ಬರೋಣ. ಸಾರಾ ಅಬೂಬಕ್ಕರ್ 1936ರ ಜೂನ್ 30ರಂದು ಕಾಸರಗೋಡಿನಲ್ಲಿ ಹುಟ್ಟಿದರು. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಅದು ಕೇರಳಕ್ಕೆ ಸೇರಿತು. ತಂದೆ ಪಿ. ಅಹ್ಮದ್ ವಕೀಲರು. ಮುಸ್ಲಿಂ ಹುಡುಗಿಯರು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಮಗಳನ್ನು ಓದಿಸಿದರು. ಸಾರಾ ಅವರ ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಿಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ಬದುಕುತ್ತೀರಿ. ಮನೆಮಾತು ಬೇರೆಯಾದರೆ ಕನ್ನಡದಲ್ಲಿ ಬರೆಯಲಾದೀತೇ ಎಂಬ ಅಳುಕು ಇರುವವರಿಗೆ ಸಾರಾ ಅವರ ಬದುಕೇ ಉತ್ತರ.

ಶಾಲೆ ಮುಗಿದ ಮೇಲೆ ಮುಂದೆ ಓದಬೇಕೆಂಬ ಆಸೆ ಅವರಿಗಿತ್ತು. ಹೆಣ್ಣುಮಕ್ಕಳ ಓದಿಗೆ ಸಮುದಾಯ ಹಾಕಿದ್ದ ಕಟ್ಟುಪಾಡು ಅಡ್ಡ ಬಂತು. ಎಂಜಿನಿಯರ್ ಆಗಿದ್ದ ಅಬೂಬಕ್ಕರ್ ಅವರೊಂದಿಗೆ ಮದುವೆಯಾಯಿತು. ನಾಲ್ವರು ಗಂಡುಮಕ್ಕಳಾದರು. ಮಂಗಳೂರಿನಲ್ಲಿ ನೆಲೆಸಿದರು. ಒಂದು ಗ್ರಂಥಾಲಯದ ಸದಸ್ಯತ್ವ ಅವರಿಗೆ ಸಿಕ್ಕಿದ್ದು 1963ರಲ್ಲಿ. ಆಗ ಅವರಿಗೆ ಇಪ್ಪತ್ತೇಳು ವರ್ಷ. ಲೈಬ್ರರಿ ಕಾರ್ಡು ಜೇಬಿನಲ್ಲಿದ್ದೂ ಪುಸ್ತಕ ತೆಗೆದುಕೊಳ್ಳದವರು ಈ ಒಂದು ಸಾಲನ್ನು ಎರಡು ಸಲ ಓದಿ.

1981ರಲ್ಲಿ ಕೋಮು ಸೌಹಾರ್ದದ ಬಗ್ಗೆ ಅವರ ಲೇಖನವೊಂದು ‘ಲಂಕೇಶ್ ಪತ್ರಿಕೆ’ಯಲ್ಲಿ ಬಂತು. ಆಮೇಲೆ ಅದೇ ವಾರಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಪ್ರಕಟವಾಯಿತು. ನಲವತ್ತೈದರ ವಯಸ್ಸಿನ ಗೃಹಿಣಿಯೊಬ್ಬರು ಹೀಗೆ ಕಾದಂಬರಿಗಾರ್ತಿಯಾದರು. ಗ್ಯಾಸ್ಕೆಲ್ ಅವರಂತೆ ಇವರೂ ಮನೆ, ಮಕ್ಕಳು ಎಲ್ಲವನ್ನೂ ನಿಭಾಯಿಸಿಕೊಂಡೇ ಬರೆದವರು. ಇವರ ಕಥೆಯನ್ನೂ ಓದುಗರು ವಾರ ವಾರ ಕಾದು ಓದಿದರು. ಮುಂದೆ ‘ಸಹನಾ’, ‘ವಜ್ರಗಳು’, ‘ಕದನ ವಿರಾಮ’, ‘ಸುಳಿಯಲ್ಲಿ ಸಿಕ್ಕವರು’, ‘ತಳ ಒಡೆದ ದೋಣಿಯಲಿ’ ಮೊದಲಾದ ಕಾದಂಬರಿಗಳೂ ‘ಚಪ್ಪಲಿಗಳು’ ಮೊದಲಾದ ಕಥಾಸಂಕಲನಗಳೂ ಬಂದವು. 1994ರಲ್ಲಿ ತಮ್ಮದೇ ‘ಚಂದ್ರಗಿರಿ ಪ್ರಕಾಶನ’ ಆರಂಭಿಸಿದರು. ನಮ್ಮ ಜಿಲ್ಲೆಯಲ್ಲೇ ಇರುವ ಹಂಪಿ ಕನ್ನಡ ವಿಶ್ವವಿದ್ಯಾಲಯ 2006ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು. 2023ರ ಜನವರಿ 10ರಂದು ಅವರು ಮಂಗಳೂರಿನಲ್ಲಿ ನಿಧನರಾದರು.

ನಾದಿರಾಳ ಕಥೆ

ಚಂದ್ರಗಿರಿ ಕಾಸರಗೋಡಿನ ಬಳಿ ಸಮುದ್ರ ಸೇರುವ ನದಿ. ಅದರ ದಡದ ಹಳ್ಳಿಗಳಲ್ಲಿ ಈ ಕಥೆ ನಡೆಯುತ್ತದೆ. ನಾದಿರಾಳ ತಂದೆ ಮಹಮ್ಮದ್ ಖಾನ್ ಹಠಮಾರಿ. ಅವನ ಮಾತಿಗೆ ಮನೆಯಲ್ಲಿ ಎದುರು ಮಾತಿಲ್ಲ. ತಾಯಿ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಬಂದು, ಗಂಡನ ಮುಂದೆ ಬಾಯಿ ಬಿಟ್ಟು ಗೊತ್ತಿಲ್ಲದವಳು. ನಾದಿರಾಳನ್ನು ರಶೀದನಿಗೆ ಮದುವೆ ಮಾಡಿಕೊಡುತ್ತಾರೆ. ರಶೀದ ಒಳ್ಳೆಯವನು. ಇಬ್ಬರಲ್ಲಿ ಪ್ರೀತಿ ಬೆಳೆಯುತ್ತದೆ, ಮಗುವಾಗುತ್ತದೆ. ಆಮೇಲೆ ಮಾವನಿಗೂ ಅಳಿಯನಿಗೂ ಮನಸ್ತಾಪ ಬರುತ್ತದೆ. ತಂದೆ ಮಗಳನ್ನು ತವರಿಗೆ ಕರೆತಂದು ಗಂಡನ ಮನೆಗೆ ಮತ್ತೆ ಕಳಿಸುವುದೇ ಇಲ್ಲ. ಕೊನೆಗೆ ತಲಾಖ್ ಆಗುವಂತೆ ಮಾಡುತ್ತಾನೆ. ನಾದಿರಾ ಅದನ್ನು ಬೇಡಿದವಳಲ್ಲ. ರಶೀದನೂ ಮನಸಾರೆ ಬಯಸಿದವನಲ್ಲ. ಜಗಳ ಇಬ್ಬರು ಗಂಡಸರದು, ಬೇರೆಯಾದದ್ದು ಒಂದು ಸಂಸಾರ.

ಕಾಲ ಕಳೆದ ಮೇಲೆ ಅವಳು ರಶೀದನನ್ನೇ ಮತ್ತೆ ಮದುವೆಯಾಗಬಹುದು ಎಂಬ ಮಾತು ಬರುತ್ತದೆ. ಆದರೆ ಹಿರಿಯರು ಒಂದು ಷರತ್ತು ಮುಂದಿಡುತ್ತಾರೆ: ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನೊಂದಿಗೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದರೆ ಮಾತ್ರ ಮೊದಲಿನ ಗಂಡ ದಕ್ಕುತ್ತಾನೆ. ನಾದಿರಾ ಆ ರಾತ್ರಿಯನ್ನು ಎದುರಿಸಲಾರದೆ ಮಸೀದಿಯ ಕೊಳದಲ್ಲಿ ಜೀವ ಕಳೆದುಕೊಳ್ಳುತ್ತಾಳೆ.

ಈ ಮುಕ್ತಾಯವನ್ನು ಎಚ್ಚರದಿಂದ ಓದಬೇಕು. ಸಾವು ಪರಿಹಾರ ಎಂದು ಲೇಖಕಿ ಹೇಳುತ್ತಿಲ್ಲ. ಸುತ್ತ ಅಷ್ಟು ಜನರಿದ್ದೂ ಅವಳ ಮನಸ್ಸನ್ನು ಕೇಳುವವರು ಒಬ್ಬರಾದರೂ ಇದ್ದಿದ್ದರೆ ಅವಳು ಉಳಿಯುತ್ತಿದ್ದಳು ಎಂಬುದನ್ನು ನಮಗೆ ಕಾಣಿಸುತ್ತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಅಷ್ಟು ಭಾರವಾದರೆ ನಮ್ಮಲ್ಲಿ ಯಾರಿಗಾದರೂ ಬಂದು ಹೇಳಿ. 14416 ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕಟ್ಟಳೆ ಬೇರೆ, ಬಳಕೆ ಬೇರೆ

ಈ ಕಾದಂಬರಿ ಬಂದಾಗ ಸಮುದಾಯದ ಒಳಗಿನಿಂದಲೇ ಅಸಮಾಧಾನ ಎದ್ದಿತು. ಮನೆಯ ಮಾತನ್ನು ಬೀದಿಗೆ ತಂದರು ಎಂದರು. ಇದನ್ನು ನಾವು ಶಾಂತವಾಗಿ ಯೋಚಿಸಬೇಕು.

ಇಸ್ಲಾಮಿನ ಕಟ್ಟಳೆಯ ಪ್ರಕಾರ ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕು. ಅವಳನ್ನು ಕೇಳಬೇಕು. ಮೂರನೆಯ ತಲಾಖ್ ಆದ ಮೇಲೆ ಅದೇ ಹೆಣ್ಣನ್ನು ಸುಲಭವಾಗಿ ಮರುಮದುವೆಯಾಗಲು ಬಾರದು ಎಂದು ಇಟ್ಟ ನಿಯಮದ ಉದ್ದೇಶ, ಗಂಡಸು ತಲಾಖನ್ನು ಆಟದ ಮಾತು ಮಾಡಿಕೊಳ್ಳದಿರಲಿ ಎಂಬುದು ಎಂದು ಬಲ್ಲವರು ವಿವರಿಸುತ್ತಾರೆ. ಒಂದು ರಾತ್ರಿಗೆಂದು ಮೊದಲೇ ಮಾತಾಡಿಕೊಂಡು ಮಾಡುವ ಮದುವೆಯನ್ನು ಹದೀಸ್‌ಗಳೇ ಕಟುವಾಗಿ ಖಂಡಿಸುತ್ತವೆ. ಹಾಗಾದರೆ ನಾದಿರಾಳನ್ನು ಕೊಂದದ್ದು ಯಾವುದು? ಗಂಡಸನ್ನು ತಡೆಯಲು ಇಟ್ಟ ನಿಯಮವನ್ನೇ ಹೆಣ್ಣಿನ ಮೇಲಿನ ಶಿಕ್ಷೆಯಾಗಿ ತಿರುಗಿಸಿದ ಬಳಕೆ. ನಿಕಾಹ್‌ನಲ್ಲಿ ಕೇಳುವ ಶಾಸ್ತ್ರ ನಡೆಯಿತು, ಉತ್ತರಕ್ಕೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಸಾರಾ ಅವರು ಪ್ರಶ್ನಿಸಿದ್ದು ಈ ಬಳಕೆಯನ್ನು. ತನ್ನವರ ಮೇಲೆ ಪ್ರೀತಿ ಇದ್ದವರಿಗೆ ಮಾತ್ರ ತನ್ನವರ ತಪ್ಪು ಇಷ್ಟು ನೋಯಿಸುತ್ತದೆ ಎಂದು ನನಗನಿಸುತ್ತದೆ.

ಕಾನೂನು ಈ ಪ್ರಶ್ನೆಯ ಹತ್ತಿರಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಶಾಯರಾ ಬಾನೊ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ಒಂದೇ ಉಸಿರಿನ ಮೂರು ತಲಾಖನ್ನು ರದ್ದು ಮಾಡಿತು. 2019ರಲ್ಲಿ ಅದರ ಬಗ್ಗೆ ಕಾಯ್ದೆ ಬಂತು. ಆ ಕಾಯ್ದೆಯ ಬಗ್ಗೆ ಪರ ವಿರೋಧ ಎರಡೂ ಅಭಿಪ್ರಾಯಗಳಿವೆ, ಅದು ಬೇರೆ ಚರ್ಚೆ. ನ್ಯಾಯಾಲಯದ ತೀರ್ಪು ಬರುವ ಮೂವತ್ತಾರು ವರ್ಷ ಮೊದಲೇ ಒಬ್ಬ ಕನ್ನಡ ಲೇಖಕಿ, ತಲಾಖ್‌ನ ಬೆಲೆ ತೆರುವವರು ಯಾರು ಎಂದು ಕೇಳಿದ್ದರು ಎಂಬುದನ್ನು ನೀವು ಗಮನಿಸಬೇಕು. ಅದೇ ಹಾದಿಯಲ್ಲಿ ನಡೆದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದುದು ನಿಮಗೆಲ್ಲ ಗೊತ್ತು.

ಖಳನಾಯಕನನ್ನು ಹುಡುಕಬೇಡಿ

ಸಿನಿಮಾ ನೋಡಿ ಅಭ್ಯಾಸವಾದ ನಮಗೆ ಕಥೆಯಲ್ಲಿ ಒಬ್ಬ ಖಳನಾಯಕ ಬೇಕು. ‘ಚಂದ್ರಗಿರಿಯ ತೀರದಲ್ಲಿ’ ಓದಿದವರು ಮಹಮ್ಮದ್ ಖಾನ್‌ನನ್ನು ಆ ಜಾಗದಲ್ಲಿ ಕೂರಿಸಿ ಪುಸ್ತಕ ಮುಚ್ಚಿಬಿಡಬಹುದು. ಹಾಗೆ ಮಾಡಿದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಅವನು ಕೆಟ್ಟವನೇ ಆಗಿದ್ದರೂ, ಒಬ್ಬ ಕೋಪಿಷ್ಠನ ಹಠಕ್ಕೆ ಒಂದು ಹೆಣ್ಣಿನ ಬದುಕನ್ನು ಮುರಿಯುವ ಶಕ್ತಿ ಎಲ್ಲಿಂದ ಬಂತು? ತಾಯಿಯ ಮೌನ, ಊರಿನ ಹಿರಿಯರ ಷರತ್ತು, ಹೆಣ್ಣಿನ ಕೈಯಲ್ಲಿ ಓದೂ ಇಲ್ಲ ದುಡಿಮೆಯೂ ಇಲ್ಲ ಎಂಬ ಸ್ಥಿತಿ, ಇವೆಲ್ಲ ಸೇರಿ ಆ ಶಕ್ತಿ ಕೊಟ್ಟವು. ‘ಮೇರಿ ಬಾರ್ಟನ್’ನಲ್ಲೂ ಹೀಗೆಯೇ. ಮಾಲೀಕ ರಾಕ್ಷಸನಲ್ಲ, ಬೀದಿಯ ಆಚೆ ಏನು ನಡೆಯುತ್ತಿದೆ ಎಂದು ಕೇಳದವನು, ಅಷ್ಟೇ.

ಆದ್ದರಿಂದ ಇಂಥ ಕಾದಂಬರಿ ಓದುವಾಗ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಿ. ತೀರ್ಮಾನ ತೆಗೆದುಕೊಂಡವರು ಯಾರು? ಬೆಲೆ ತೆತ್ತವರು ಯಾರು? ಬೆಲೆ ತೆತ್ತವರನ್ನು ಮೊದಲೇ ಕೇಳಿದ್ದರೇ?

ನಮ್ಮ ತಾಲ್ಲೂಕುಗಳಲ್ಲಿ

ಈ ಮೂರು ಪ್ರಶ್ನೆಗಳನ್ನು ಹಿಡಿದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳ ಕಡೆಗೆ ತಿರುಗಿ ನೋಡಿ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರೆ. ಅಪ್ಪ ಅವ್ವ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಟ್ಟಡದ ಕೆಲಸಕ್ಕೆ ನಿಂತರೆ, ಅಜ್ಜಿಯನ್ನೂ ತಮ್ಮ ತಂಗಿಯರನ್ನೂ ನೋಡಿಕೊಳ್ಳಲು ಹಿರಿ ಮಗಳು ಶಾಲೆ ಬಿಡುತ್ತಾಳೆ. ಅವಳನ್ನು ಯಾರೂ ಕೇಳಿರುವುದಿಲ್ಲ. ನಮ್ಮ ಸೀಮೆಯಲ್ಲಿ ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಪದ್ಧತಿ ಇತ್ತು. 1982ರ ಕರ್ನಾಟಕದ ಕಾಯ್ದೆ ಅದನ್ನು ಅಪರಾಧವೆಂದಿತು. ಆ ಮಕ್ಕಳನ್ನೂ ಯಾರೂ ಕೇಳಿರಲಿಲ್ಲ. ಇದು ಒಂದು ಧರ್ಮದ, ಒಂದು ಜಾತಿಯ ಕಥೆಯಲ್ಲ ಎಂದು ನಿಮಗೆ ತಿಳಿಯಲಿ ಎಂದೇ ಇದನ್ನು ಹೇಳಿದೆ.

ನನ್ನ ತರಗತಿಯ ಹಾಜರಿ ಪುಸ್ತಕದಲ್ಲೂ ಇದು ಕಾಣುತ್ತದೆ. ಮೊದಲ ಪಿಯುಸಿಯಲ್ಲಿ ಜೋರಾಗಿ ‘ಎಸ್ ಮೇಡಂ’ ಎಂದ ಕೆಲವು ದನಿಗಳು ಎರಡನೇ ಪಿಯುಸಿಗೆ ಬರುವುದಿಲ್ಲ. ವಿಚಾರಿಸಿದರೆ, ಒಳ್ಳೆಯ ಸಂಬಂಧ ಬಂತು ಮೇಡಂ, ಮಾಡಿಬಿಟ್ಟೆವು ಎನ್ನುತ್ತಾರೆ. ತಂದೆ ತಾಯಿಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಬಡತನದ ಮನೆಯಲ್ಲಿ ಮಗಳು ಒಂದು ದಡ ಸೇರಲಿ ಎಂದು ಅವರು ಅವಸರ ಪಡುತ್ತಾರೆ. ಆದರೆ ಆ ಹುಡುಗಿಯನ್ನು ಕೇಳಿದರೇ? ಕೇಳಿದಾಗ ಅವಳು ತಲೆ ತಗ್ಗಿಸಿದ್ದನ್ನೇ ಒಪ್ಪಿಗೆ ಎಂದುಕೊಂಡರೇ?

ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ ಎಂಬುದು ನಿಮಗೆ ಗೊತ್ತಿರಲಿ. ಅಂಥ ಸಂದರ್ಭ ಬಂದರೆ 1098ಕ್ಕೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅದಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. ಹುಡುಗರೇ, ನಿಮ್ಮ ಅಕ್ಕ ತಂಗಿಯರಿಗೆ ಏನು ಓದಬೇಕೆಂದಿದೆ ಎಂದು ಈ ವಾರ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಹುಡುಗಿಯರೇ, ಕೇಳಿದಾಗ ತಲೆ ತಗ್ಗಿಸಬೇಡಿ. ‘ಹೌದು’ ಎಂದರೂ ‘ಈಗ ಬೇಡ, ಓದು ಮುಗಿಯಲಿ’ ಎಂದರೂ ಬಾಯಿ ಬಿಟ್ಟು ಹೇಳಿ. ಹಾಗೆ ಹೇಳುವುದು ಹಿರಿಯರಿಗೆ ಅಗೌರವವಲ್ಲ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಕಾದಂಬರಿಯಲ್ಲಿ ನಾದಿರಾಳ ಪರವಾಗಿ ಮಾತಾಡಬಹುದಾಗಿದ್ದವರು ಯಾರು ಯಾರು? ಅವರು ಯಾಕೆ ಸುಮ್ಮನಿದ್ದರು?

2. ತನ್ನ ಸಮುದಾಯದ ತಪ್ಪನ್ನು ಬರೆಯುವುದು ದ್ರೋಹವೇ, ಜವಾಬ್ದಾರಿಯೇ? ಸಾರಾ ಮತ್ತು ಗ್ಯಾಸ್ಕೆಲ್ ಇಬ್ಬರನ್ನೂ ಇಟ್ಟುಕೊಂಡು ಬರೆಯಿರಿ.

3. ರಶೀದ ಒಳ್ಳೆಯವನಾಗಿದ್ದೂ ನಾದಿರಾಳನ್ನು ಉಳಿಸಿಕೊಳ್ಳಲಾಗಲಿಲ್ಲ. ಒಳ್ಳೆಯತನ ಒಂದೇ ಸಾಕೇ?

4. ನಿಮ್ಮ ಊರಿನಲ್ಲಿ, ಕೇಳದೆ ತೆಗೆದುಕೊಂಡ ಒಂದು ತೀರ್ಮಾನದ ಬಗ್ಗೆ ಹೆಸರು ಬದಲಿಸಿ ಒಂದು ಪುಟದ ಕಥೆ ಬರೆಯಿರಿ. ಸಮಸ್ಯೆಯಿಂದ ಶುರು ಮಾಡಬೇಡಿ, ಒಬ್ಬ ಮನುಷ್ಯನಿಂದ ಶುರು ಮಾಡಿ.

ಕಾದಂಬರಿ ತೆಳ್ಳಗಿದೆ, ಎರಡು ಮೂರು ದಿನದಲ್ಲಿ ಓದಿ ಮುಗಿಸಬಹುದು. ನಾಲ್ಕನೆಯ ಪ್ರಶ್ನೆಗೆ ಬರೆದದ್ದನ್ನು ನನ್ನ ಕೈಗೆ ಕೊಡಿ. ಒಪ್ಪಿಗೆ ಕೊಟ್ಟವರ ಕಥೆಗಳನ್ನು ಮಾತ್ರ ಗೋಡೆಪತ್ರಿಕೆಗೆ ಹಾಕೋಣ. ಅದಕ್ಕೂ ನಿಮ್ಮನ್ನು ಕೇಳಿಯೇ ಮುಂದುವರಿಯುತ್ತೇನೆ.